ಹಸಿರು ಬಟನ್ನಿನ ಮಹಿಮೆ

ಆಯುಧಪೂಜೆಯ ದಿನ ಕಂಪ್ಯೂಟರಿಗೂ ಕುಂಕುಮ ಹಚ್ಚುವ ಜನ ನಾವು. ಮಚ್ಚು ಕುಡುಗೋಲುಗಳ ಸಾಲಿನಲ್ಲಿ ಅದಕ್ಕೆ ಯಾವಾಗ ಜಾಗ ಸಿಕ್ಕಿತೋ, ಯಾರೂ ಬರೆದಿಟ್ಟಿಲ್ಲ. ತಿಪಟೂರಿನ ನಮ್ಮ ಭಾವನವರಂತೂ ಮಾನಿಟರಿನ ಹಣೆಗೆ ವಿಭೂತಿ ಎಳೆದು, ಕೀಬೋರ್ಡಿನ ಮೇಲೆ ಸೇವಂತಿಗೆ ಇಟ್ಟು, ಸಿಪಿಯು ಡಬ್ಬದ ಮುಂದೆ ನಿಂಬೆಹಣ್ಣು ಕೊಯ್ದಿಡುತ್ತಾರೆ. ಬೂದುಗುಂಬಳವನ್ನೂ ಅಲ್ಲೇ ಒಡೆಯಲು ಹೊರಟಾಗ ತಡೆದವಳು ಅಕ್ಕ. ಇಷ್ಟು ಶ್ರದ್ಧೆಯಿಂದ ನೋಡಿಕೊಂಡ ಯಂತ್ರಕ್ಕೂ ವೈರಸ್ ಹತ್ತುತ್ತದೆಂದರೆ ಯಾರಿಗಾದರೂ ಬೇಜಾರಾಗುವುದೇ.

ಹಾಗೆಂದು ಕಂಪ್ಯೂಟರಿನ ತಾಪತ್ರಯಗಳೆಲ್ಲ ವೈರಸ್ಸಿನವೇ ಅಲ್ಲ. ಫ್ಯಾನಿಗೆ ದೂಳು ಕಟ್ಟಿ ಯಂತ್ರ ಬಿಸಿಯಾದರೂ ವೈರಸ್, ಹಾರ್ಡ್‌ಡಿಸ್ಕ್ ತುಂಬಿ ತುಳುಕಿದರೂ ವೈರಸ್ ಎನ್ನುವುದು ನಮ್ಮ ರೂಢಿ. ಭಾವನವರು ಏಳು ತಲೆಮಾರಿನ ವಂಶವೃಕ್ಷವನ್ನು ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಮೆರಿಕದಲ್ಲಿರುವ ತಮ್ಮನ ಮಗನಿಗೆ ಕಳಿಸಿದರು. ಅವನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಮುತ್ತಜ್ಜ ಮುತ್ತಜ್ಜಿಯರೆಲ್ಲ ಕೊಂಬು ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳಾಗಿ ದರ್ಶನ ಕೊಟ್ಟರು. "ದೊಡ್ಡಪ್ಪ, ನಿಮ್ಮ ಫೈಲಿಗೆ ವೈರಸ್ ಬಂದಿದೆ" ಎಂದು ಅವನು ಬರೆದ. ಯುನಿಕೋಡ್‌ಗೆ ಬದಲಾಯಿಸಿ ಕಳಿಸಿದ ಮೇಲೆ ವಂಶದ ಮಾನ ಉಳಿಯಿತು.

ಹಿಂದಿನ ವೈರಸ್ಸುಗಳಿಗೆ ಒಂದು ಮರ್ಯಾದೆಯಾದರೂ ಇತ್ತು. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಿಬ್ಬರು ಬರೆದ 'ಬ್ರೇನ್' ಎಂಬುದು ಪಿಸಿಗಳಿಗೆ ಹತ್ತಿದ ಮೊದಲ ವೈರಸ್. ಅದರೊಳಗೆ ಅವರು ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲವನ್ನೂ ಬರೆದಿದ್ದರು. ಫ್ಲಾಪಿಯಿಂದ ಫ್ಲಾಪಿಗೆ ಹಾರಿ ಅದು ದೇಶಾಂತರ ಹೋಯಿತು, ಪರದೇಶಗಳಿಂದ ಲಾಹೋರಿಗೆ ಫೋನುಗಳು ಬಂದವು. ಆಮೇಲೆ ಬಂದ 'ಕ್ಯಾಸ್ಕೇಡ್' ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಉದುರಿಸಿ ಕೆಳಗೆ ರಾಶಿ ಹಾಕುತ್ತಿತ್ತು. 'ಪಿಂಗ್‌ಪಾಂಗ್' ಪುಟ್ಟದೊಂದು ಚೆಂಡನ್ನು ಪುಟಿಸುತ್ತಿತ್ತು. ಬಂದಿದ್ದೇನೆಂದು ಹೇಳಿಕೊಂಡೇ ಬರುತ್ತಿದ್ದ ಕಾಲ ಅದು. ಈಗಿನವು ಸದ್ದಿಲ್ಲದೆ ಕೂತು ಬ್ಯಾಂಕಿನ ಪಾಸ್‌ವರ್ಡ್ ಬರೆದುಕೊಳ್ಳುತ್ತವೆ.

ಭಾವನವರ ಮನೆಗೆ ನಿಜವಾದದ್ದು ಬಂದಿದ್ದು ಪುಕ್ಕಟೆಯ ಹಾದಿಯಲ್ಲಿ. ವಂಶವೃಕ್ಷದ ಪಿಡಿಎಫ್ ಪುಟಗಳನ್ನು ಜೋಡಿಸಲು ಅವರೊಂದು ಉಚಿತ ತಂತ್ರಾಂಶ ಹುಡುಕಿದರು. ಅಂಥ ಪುಟಗಳಲ್ಲಿ ಅಸಲಿ ಕೊಂಡಿ ಎಲ್ಲೋ ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ ಇರುತ್ತದೆ. ನಡುವೆ ಅಂಗೈಯಗಲದ ಹಸಿರು ಡೌನ್‌ಲೋಡ್ ಬಟನ್ ಹೊಳೆಯುತ್ತಿರುತ್ತದೆ, ಅದು ಜಾಹೀರಾತು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರಿಗೆ ದೊಡ್ಡಕ್ಷರದಲ್ಲಿ ಬರೆದದ್ದರ ಮೇಲೆ ಸಹಜವಾಗಿಯೇ ಗೌರವ. ಒತ್ತಿದರು. ಮುಂದಿನ ಪುಟ, ನೀವು ರೋಬೋ ಅಲ್ಲವೆಂದು ತೋರಿಸಲು 'ಅಲೌ' ಒತ್ತಿ ಎಂದಿತು. ಮನುಷ್ಯತ್ವ ಸಾಬೀತು ಮಾಡುವ ಅವಕಾಶವನ್ನು ಯಾರು ಬಿಡುತ್ತಾರೆ? ಅದನ್ನೂ ಒತ್ತಿದರು. ಸಂಜೆಯ ಹೊತ್ತಿಗೆ ಬ್ರೌಸರಿನ ಮೊದಲ ಪುಟ ಬದಲಾಗಿತ್ತು. ಪರದೆಯ ಮೂಲೆಯಲ್ಲಿ ಕೂದಲುದುರುವಿಕೆಗೆ ಎಣ್ಣೆ, ಲಾಟರಿ ಬಹುಮಾನ, ವಧು ಬೇಕಾಗಿದೆಯೇ ಎಂಬ ವಿಚಾರಣೆ ಒಂದರ ಹಿಂದೊಂದು ಬರತೊಡಗಿದವು. ಅಕ್ಕ ನೋಡಿದ್ದು ಮೂರನೆಯದನ್ನು ಮಾತ್ರ.

ಮಾರನೆಯ ದಿನ ಪರದೆಯೆಲ್ಲ ಕೆಂಪಾಗಿ ಸೈರನ್ ಕೂಗಿತು. ನಿಮ್ಮ ಕಂಪ್ಯೂಟರಿಗೆ ಅಪಾಯ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಫೋನ್ ಮಾಡಿ ಎಂದು ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಗದರಿತು. ಭಾವನವರು ಕನ್ನಡಕ ಹುಡುಕುತ್ತಿದ್ದಾಗ ಅಕ್ಕ ಬಂದು ಗೋಡೆಯ ಸ್ವಿಚ್ಚನ್ನೇ ಆರಿಸಿದಳು. ಅವಳಿಗೆ ಕಂಪ್ಯೂಟರ್ ಬರುವುದಿಲ್ಲ. ಆದರೆ ಬಳೆಗೆ ಪಾಲಿಶ್ ಹಾಕಿಕೊಡುತ್ತೇವೆಂದು ಬಾಗಿಲಿಗೆ ಬರುವವರನ್ನು ಬಲ್ಲಳು. ಇವರೂ ಆ ಕುಲದವರೇ ಎಂದು ದನಿಯಲ್ಲೇ ಕಂಡುಹಿಡಿದಳು. ಅವಳ ಊಹೆ ಸರಿ. ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರು ಇರುವುದೇ ಇಲ್ಲ. ಆ ನಂಬರಿಗೆ ಕರೆ ಮಾಡಿದರೆ ರಿಪೇರಿಯ ನೆಪದಲ್ಲಿ ದೂರದಿಂದಲೇ ನಮ್ಮ ಕಂಪ್ಯೂಟರನ್ನು ಕೈಗೆ ತೆಗೆದುಕೊಂಡು ಖಾತೆ ಬರಿದು ಮಾಡುತ್ತಾರೆ.

ಚಿಕಿತ್ಸೆಗೆ ಬೆಂಗಳೂರಿನಿಂದ ಅಕ್ಕನ ಮಗಳು ಬಂದಳು. ಊರಿನವರ ಸಲಹೆಯೆಲ್ಲ ಒಂದೇ: "ಫಾರ್ಮ್ಯಾಟ್ ಹೊಡೆಸಿಬಿಡಿ." ಹೊಡೆಸಿದರೆ ಏಳು ತಲೆಮಾರೂ ಒಟ್ಟಿಗೆ ಹೋಗುತ್ತಿದ್ದವು. ಅವಳು ಮೊದಲು ಇಂಟರ್ನೆಟ್ ಕಿತ್ತಳು. ದಾಖಲೆ, ಫೋಟೋಗಳನ್ನು ಮಾತ್ರ ಬೇರೆ ಡಿಸ್ಕಿಗೆ ನಕಲು ಮಾಡಿದಳು, ಪ್ರೋಗ್ರಾಮುಗಳನ್ನು ಮುಟ್ಟಲಿಲ್ಲ. ಆಮೇಲೆ ಆ್ಯಪ್‌ಗಳ ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ, ಆ ದಿನ ಬಂದ ಅಪರಿಚಿತರನ್ನು ಹೊರಗೆ ಕಳಿಸಿದಳು. ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನು ತೆಗೆದಳು. ನೋಟಿಫಿಕೇಷನ್ ಅನುಮತಿ ಪಡೆದಿದ್ದ ತಾಣಗಳನ್ನು ಅಳಿಸಿದಳು; ಅಷ್ಟಕ್ಕೇ ವಧುಗಳು ನಿಂತರು.

ನಂತರ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಿಂದ ಪೂರ್ತಿ ಸ್ಕ್ಯಾನ್. ನೂರರಲ್ಲಿ ಎಷ್ಟಾಯಿತೆಂದು ಭಾವನವರು ಕೂತಲ್ಲೇ ಘೋಷಿಸುತ್ತಿದ್ದರು. ಅದು ಮುಗಿದ ಮೇಲೆ ಆಫ್‌ಲೈನ್ ಸ್ಕ್ಯಾನ್. ಕೆಲವು ಕಿಡಿಗೇಡಿ ಪ್ರೋಗ್ರಾಮುಗಳು ವಿಂಡೋಸ್ ಓಡುವಾಗ ಅದರ ಮರೆಯಲ್ಲಿ ಅವಿತಿರುತ್ತವೆ. ಈ ಸ್ಕ್ಯಾನ್ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮುಂಚೆಯೇ ಸುಮಾರು 15 ನಿಮಿಷ ಹುಡುಕಿ ಹಿಡಿಯುತ್ತದೆ. "ಇನ್ನೊಂದು ಆ್ಯಂಟಿವೈರಸ್ಸೂ ಹಾಕಿಬಿಡು, ಗಟ್ಟಿಯಾಗಿರಲಿ" ಎಂದರು ಭಾವ. "ಬೇಡಪ್ಪ, ಎರಡು ಕಾವಲಿದ್ದರೆ ಒಂದನ್ನೊಂದು ಕಳ್ಳ ಅಂತ ಹಿಡ್ಕೊಳ್ತವೆ" ಎಂದಳು ಮಗಳು. ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಇಂಥವನ್ನು ತೆಗೆಯುವ ಉಚಿತ ಸಾಧನಗಳಿವೆ. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ವಿಂಡೋಸನ್ನು ಹೊಸದಾಗಿ ಹಾಕುವುದು. ಕೊನೆಯಲ್ಲಿ ಅವಳು ತನ್ನ ಫೋನಿನಿಂದ ಅಪ್ಪನ ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿದಳು. ಕಳ್ಳ ಹೋದರೂ ಅವನು ಬರೆದುಕೊಂಡದ್ದು ಅವನ ಬಳಿಯೇ ಇರುತ್ತದಲ್ಲ! ಎಲ್ಲ ಖಾತೆಗಳಿಗೂ ಒಂದೇ ಪಾಸ್‌ವರ್ಡ್, ಅದೂ ಮೊಮ್ಮಗನ ಹೆಸರು, ಎಂಬ ಗುಟ್ಟು ಆಗ ಹೊರಬಿತ್ತು.

ಪೆನ್‌ಡ್ರೈವಿನ ಕತೆಯೂ ಬಂತು. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಮೇಲೆ ಅದರಲ್ಲಿದ್ದ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿದ್ದವು. ಅವನ್ನು ಒತ್ತಿದರೆ ವೈರಸ್ ನಮ್ಮ ಕಂಪ್ಯೂಟರಿಗೂ ದಾಟುತ್ತದೆ. ಒತ್ತದೆ ಸ್ಕ್ಯಾನ್ ಮಾಡಿ, ಬಚ್ಚಿಟ್ಟ ಫೈಲುಗಳನ್ನು ತೋರಿಸುವ ಆಯ್ಕೆ ಕೊಟ್ಟಾಗ ಎಲ್ಲವೂ ಇದ್ದಲ್ಲೇ ಇದ್ದವು.

ಮುಂದಿನ ಪಥ್ಯವೇ ಕಷ್ಟದ್ದು. ಅಪ್‌ಡೇಟ್ ಬಂದಾಗೆಲ್ಲ 'ಆಮೇಲೆ ನೆನಪಿಸು' ಎನ್ನುವುದು ಭಾವನವರ ಅಭ್ಯಾಸ. 2017ರ ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆಕೋರ ತಂತ್ರಾಂಶ ಜಗತ್ತಿನ ಕಂಪ್ಯೂಟರುಗಳಿಗೆ ಬೀಗ ಜಡಿದು 300 ಡಾಲರ್ ಕೇಳಿತು, ಬ್ರಿಟನ್ನಿನ ಆಸ್ಪತ್ರೆಗಳೂ ಅದಕ್ಕೆ ಸಿಕ್ಕಿಕೊಂಡವು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚಿನಲ್ಲೇ ಬಂದಿತ್ತು. ಇನ್ನು ವಿಂಡೋಸ್ 10ಕ್ಕಂತೂ ಅಪ್‌ಡೇಟ್ ಕೊಡುವ ಸಾಮಾನ್ಯ ಬೆಂಬಲವೇ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ಫೈಲಿನ ಬಾಲವನ್ನೂ ನೋಡಬೇಕು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ವೈರಸ್ ಪ್ರೇಮಪತ್ರದ ವೇಷದಲ್ಲಿತ್ತು. ಹೆಸರಿನ ಕೊನೆಯ ತುಂಡನ್ನು ವಿಂಡೋಸ್ ಮರೆಮಾಡುತ್ತಿದ್ದುದರಿಂದ ಬರೀ ಕಾಗದದಂತೆ ಕಂಡಿತು. ಮದುವೆಯಾಗಿ ಎಷ್ಟೋ ವರ್ಷವಾದ ಗಂಭೀರ ಅಧಿಕಾರಿಗಳೂ ಬಾಗಿಲು ಹಾಕಿಕೊಂಡು ತೆರೆದಿರಬೇಕು. ಈಗ ಪ್ರೇಮಪತ್ರದ ಕಾಲ ಹೋಗಿ ಲಗ್ನಪತ್ರಿಕೆಯ ಕಾಲ ಬಂದಿದೆ. ವಾಟ್ಸಾಪಿನಲ್ಲಿ ಬರುವ ಆಮಂತ್ರಣದ ಹೆಸರು ಎಪಿಕೆ ಎಂದು ಮುಗಿದರೆ ಅದು ಪತ್ರಿಕೆಯಲ್ಲ, ಫೋನಿನೊಳಗೆ ಇಳಿಯುವ ಆ್ಯಪ್. ಅಂಥ ಮದುವೆಗೆ ಹೋಗದಿದ್ದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ವೈರಸ್ ಬರೆಯುವವರು ನಮ್ಮ ಆಸೆ, ಹೆದರಿಕೆ, ಆತುರಗಳನ್ನು ನಮಗಿಂತ ಚೆನ್ನಾಗಿ ಬಲ್ಲರು. ಒತ್ತುವ ಮುಂಚೆ ಒಂದು ಉಸಿರು ತಡೆದರೆ ಅವರ ಅರ್ಧ ವ್ಯಾಪಾರ ಕೆಡುತ್ತದೆ. ಹಾಗೂ ದುಡ್ಡು ಹೋದರೆ ಮಾನಕ್ಕೆ ಅಂಜಿ ಕೂರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅದಕ್ಕೂ ಮುಂಚೆ, ಈ ಭಾನುವಾರವೇ ಮನೆಯ ಫೋಟೋಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅದರ ವೈರು ಕಿತ್ತು ಬೀರುವಿನಲ್ಲಿಡಿ.