ಪ್ರಥಮ ಬಹುಮಾನದ ತಿಜೋರಿ

ಹಾವೇರಿ ಸೀಮೆಯ ಊರೂರಿಗೂ ಇಂಥ ಒಬ್ಬ ಕಾಕಾ ಸಿಗುತ್ತಾನೆ. ಕಬಡ್ಡಿ ಅಂಕಣಕ್ಕೆ ಸುಣ್ಣದ ಗೆರೆ ಹಾಕುವವನು ಅವನೇ, ಗೆರೆ ಸೊಟ್ಟಾಯಿತು ಅಂತ ಬೈಸಿಕೊಳ್ಳುವವನೂ ಅವನೇ. ಪೆಂಡಾಲಿನವನಿಗೆ ಅಡ್ವಾನ್ಸ್ ಕೊಟ್ಟು, ಅಂಪೈರಿಗೆ ಚಹಾ ಕುಡಿಸಿ, ಆಮೇಲೆ ಅದೇ ಅಂಪೈರಿನ ಕಣ್ಣು, ಓದು, ಮನೆತನ ಎಲ್ಲದರ ಮೇಲೂ ಗಟ್ಟಿ ದನಿಯಲ್ಲಿ ಅನುಮಾನ ಪಡುವವನು. ಸ್ವತಃ ಆಡಿ ಗೆದ್ದದ್ದೇನು ಅಂತ ಮಾತ್ರ ಕೇಳಬಾರದು. ಕರ್ಜಗಿಯ ನಮ್ಮ ಕಾಕಾ ಈ ಪೈಕಿ. ಅವನು ಹೋಗಿ ವರ್ಷವಾಗುತ್ತ ಬಂತು.

ಆದರೆ ಉಳಿದ ಊರಿನ ಕಾಕಾಗಳಿಗೂ ಇವನಿಗೂ ಒಂದು ಫರಕು ಇತ್ತು. ಗಂಡಸರು ಆಟಕ್ಕೆ ಹೋಗುವುದು ಅರ್ಧ ಆಟ ನೋಡಲಿಕ್ಕೆ, ಅರ್ಧ ಮನೆಯಿಂದ ತಪ್ಪಿಸಿಕೊಳ್ಳಲಿಕ್ಕೆ. ನಮ್ಮ ಕಾಕಾನಿಗೆ ಮನೆಯವರನ್ನು ಬಿಟ್ಟು ಆಟ ನೋಡಿದರೆ ಉಂಡದ್ದು ಅರಗುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಕಬಡ್ಡಿ ಅಂದರೂ, ರಾಣೆಬೆನ್ನೂರಿನಲ್ಲಿ ಕುಸ್ತಿ ಅಂದರೂ ಟ್ರ್ಯಾಕ್ಟರಿನ ಟ್ರೇಲರಿಗೆ ಹುಲ್ಲು ಹರಡಿ, ಮೇಲೆ ಜಮಖಾನೆ ಹಾಸಿ, ಚಿಗವ್ವ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು, ರಜೆಗೆ ಬಂದ ನಾನು, ಒಂದು ಗಂಟು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ತಾಮ್ರದ ಕೊಡದ ತುಂಬ ನೀರು. ಪೈಲ್ವಾನರು ತೊಡೆ ತಟ್ಟುವ ಕಡೆ ಕೂತು ಚಿಗವ್ವ ಅವರೆಕಾಯಿ ಸುಲಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರಹುಣ್ಣಿಮೆಗೆ ಎಲ್ಲೂ ಹೋಗಬೇಕಿರಲಿಲ್ಲ. ಕರ್ಜಗಿಯ ಬಂಡಿ ನೋಡಲು ಸುತ್ತಲಿನ ಹಳ್ಳಿಗಳೇ ಎದ್ದು ಬರುತ್ತಿದ್ದವು, ಬಂದವರಲ್ಲಿ ಅರ್ಧ ಜನ ಚಿಗವ್ವನ ಪಂಕ್ತಿಗೆ ಕೂಡುತ್ತಿದ್ದರು.

“ಕುಡ್ಯೂದಿಲ್ಲ, ಇಸ್ಪೇಟ ಆಡೂದಿಲ್ಲ. ಬೈಬೇಕಂದ್ರ ಒಂದ ಕಾರಣಾನೂ ಕೊಡೂದಿಲ್ಲ ನಿಮ್ಮ ಕಾಕಾ,” ಅಂತ ಅವಳ ದೂರು.

ಕಾಕಾನ ಮೆಚ್ಚಿನ ಕಥೆ 1983ರ ಜೂನ್ 18ರದು. ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆ ಎದುರು 17 ರನ್ನಿಗೆ ನಮ್ಮ 5 ವಿಕೆಟ್ ಬಿದ್ದವು. ಅಲ್ಲಿಂದ ಕಪಿಲ್ ದೇವ್ ಒಬ್ಬನೇ 175 ಹೊಡೆದ. ಆ ಆಟ ಟೀವಿಯಲ್ಲಿ ಬರಲೇ ಇಲ್ಲ. ಕಾಕಾನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಯಾರೂ ನೋಡಿಲ್ಲವಾದ್ದರಿಂದ ಯಾರೂ ತಪ್ಪು ಹಿಡಿಯುವಂತಿಲ್ಲ. ಲಟ್ಟಣಿಗೆ ಹಿಡಿದು ಪಡಸಾಲೆಯಲ್ಲಿ ನಿಂತನೆಂದರೆ ಒಂದೊಂದು ಸಿಕ್ಸರೂ ವರದಾ ಹೊಳೆ ದಾಟಿ ಹೋಗುತ್ತಿತ್ತು. ಒಂಬತ್ತನೆಯ ವಿಕೆಟ್ಟಿಗೆ ಕಪಿಲ್ ಜೊತೆ ನಿಂತು, 126 ರನ್ ಕೂಡಿಸಿ, ತಾನು 24 ಮಾಡಿ ಔಟಾಗದೆ ಉಳಿದವನು ನಮ್ಮ ಸೈಯದ್ ಕಿರ್ಮಾನಿ. ಆ ಪಾತ್ರ ಚಿಗವ್ವನಿಗೆ ಹಂಚಿಕೆಯಾಗಿತ್ತು. ಸುಮ್ಮನೆ ನಿಂತು, ಔಟಾಗದೆ, ಎದುರಿನವನಿಗೆ ಹೊಡೆಯಲು ಬಿಡುವ ಪಾತ್ರ. ಅದಕ್ಕೆ ಅವಳಿಗೆ ಬೇರೆ ತಾಲೀಮು ಬೇಕಾಗಲಿಲ್ಲ.

ಗದಗಿನ ಸುನೀಲ್ ಜೋಶಿ ಹುಡುಗನಿದ್ದಾಗ ನಸುಕಿನಲ್ಲಿ ಎದ್ದು ಹುಬ್ಬಳ್ಳಿಗೆ ಹೋಗಿ, ಅಲ್ಲಿ ಪ್ರಾಕ್ಟೀಸ್ ಮಾಡಿ, ಸಾಲಿ ಹೊತ್ತಿಗೆ ಊರಿಗೆ ಮರಳುತ್ತಿದ್ದ ಸಂಗತಿ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ ಜೋಶಿ 10 ಓವರಿನಲ್ಲಿ 6 ಮೇಡನ್ ಹಾಕಿ, ಬರೇ 6 ರನ್ ಕೊಟ್ಟು 5 ವಿಕೆಟ್ ತೆಗೆದಾಗ ಕಾಕಾನ ತಲೆ ಕೆಟ್ಟಿತು. “ಗದಗಿನವ ಮಾಡಿದ್ದನ್ನ ಕರ್ಜಗಿಯವ ಯಾಕ ಮಾಡಬಾರದು? ನಮ್ಮೂರಾಗ ರೇಲ್ವೆ ಸ್ಟೇಷನ್ನ ಐತಿ!” ಅಂತ ಹಿರಿಯ ಮಗನಿಗೆ ಹುಬ್ಬಳ್ಳಿ ಪಾಸು ಮಾಡಿಸಿದ. ಮಗ ನಿಷ್ಠೆಯಿಂದ ಹೋಗಿ ಬಂದ. ಹುಬ್ಬಳ್ಳಿಯ ಯಾವ ಟಾಕೀಸಿನಲ್ಲಿ ಯಾವ ಸೀಟಿನಿಂದ ಪರದೆ ಚಲೋ ಕಾಣುತ್ತದೆ ಅನ್ನುವುದರಲ್ಲಿ ಇವತ್ತಿಗೂ ಅವನ ಮಾತೇ ಕೊನೆ.

ಮಗಳು ಯಾರೂ ಹೇಳದೆಯೇ ಖೋ ಖೋ ಹಿಡಿದಳು. ಮುಂಜಾನೆ ಹೊಳೆಯ ಹಾದಿಯಲ್ಲಿ ಅವಳು ಓಡುವಳು, ಹಿಂದೆ ಸೈಕಲ್ಲಿನಲ್ಲಿ ಕಾಕಾ, ಒಂದು ಕಣ್ಣು ಕೈಗಡಿಯಾರದ ಮೇಲೆ. “ಹೆಣ್ಣಹುಡುಗೀನ ಹಿಂಗ ಓಡಸ್ತಾರೇನೋ ಮಾರಾಯ?” ಅಂದವರಿಗೆ, “ನಾ ಎಲ್ಲಿ ಓಡಸ್ತೀನಿ? ಅಕಿ ಓಡತಾಳ, ನಾ ಬೆನ್ನ ಹತ್ತೀನಿ,” ಅನ್ನುತ್ತಿದ್ದ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊಟ್ಟಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತದ ಗಂಡಸರೂ ಹೆಂಗಸರೂ ಗೆದ್ದರು. ಹೆಂಗಸರ ತಂಡದಲ್ಲಿ ತಿ. ನರಸೀಪುರ ತಾಲೂಕಿನ ಚೈತ್ರಾ ಇದ್ದಳು. ಆಗ ಕಾಕಾ ಮಗಳಿಗೆ ಫೋನು ಹಚ್ಚಿ ಹೇಳಿದ್ದು ಒಂದೇ ಮಾತು: “ನಿನ್ನ ಆಟಕ್ಕ ವಿಶ್ವಕಪ್ ಬಂತಲ್ಲಬೇ! ಮಂದಿ ಇಪ್ಪತ್ತೈದು ವರ್ಷ ತಡಾ ಮಾಡಿದ್ರು.”

ಕಾಕಾನ ಖರೇ ಪರೀಕ್ಷೆ ಇದ್ದದ್ದು ದೀಪಾವಳಿಯಲ್ಲಿ. ನಮ್ಮ ಜಿಲ್ಲೆಯ ಕೊಬ್ಬರಿ ಹೋರಿ ನೋಡದವರಿಗೆ ಇಷ್ಟು ಹೇಳಬೇಕು: ವರ್ಷವಿಡೀ ಹುರುಳಿ, ಹಿಂಡಿ, ಹತ್ತಿಕಾಳು ತಿಂದು ಮೈದುಂಬಿದ ಹೋರಿಗೆ ಜೂಲು ಹೊದಿಸಿ, ಕೊಂಬಿಗೆ ಬಲೂನು ಕಟ್ಟಿ, ಕೊರಳಿಗೆ ಒಣಕೊಬ್ಬರಿಯ ಸರ ಹಾಕಿ, ಎರಡೂ ಬದಿ ಜನ ಕಿಕ್ಕಿರಿದ ಅಖಾಡದಲ್ಲಿ ಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು. ಹರಿಯಗೊಡದೆ ಓಡಿದರೆ ಹೋರಿ ಗೆದ್ದಂತೆ. ಮೈಕಿನವ ಹೋರಿಯ ಹೆಸರು, ಊರು, ಮಾಲೀಕನ ಹೆಸರು ಒದರಿ ಮುಗಿಸುವುದರೊಳಗೆ ಅದು ದಾಟಿ ಹೋಗಿರುತ್ತದೆ. ಗಾಯ ಮಾಮೂಲು, ಒಮ್ಮೊಮ್ಮೆ ಜೀವವೂ ಹೋಗುತ್ತದೆ.

ಕಾಕಾ ಮುಂದಿನ ಸಾಲಿನಲ್ಲೇ ನಿಲ್ಲುತ್ತಿದ್ದ. ಬಲಗೈ ಮೇಲೆತ್ತಿ, “ಹಿಡೀರಲೇ! ಊರಾಗ ಗಂಡಸರ ಇಲ್ಲೇನ?” ಎಡಗೈ ಕೆಳಗೆ, ಅದರಲ್ಲಿ ಕಿರಿಯ ಮಗನ ಅಂಗಿಯ ಕಾಲರು. ಒಂದೊಂದು ಹೋರಿ ಬಿಟ್ಟಾಗಲೂ ಬಲಗೈ ಒಂದು ಗೇಣು ಮೇಲೇರುತ್ತಿತ್ತು, ಎಡಗೈ ಇನ್ನೊಂದು ಸುತ್ತು ಬಿಗಿಯುತ್ತಿತ್ತು. ಮಗನಿಗೆ ಆಗ ಹತ್ತೊಂಬತ್ತು ವರ್ಷ, ಮೀಸೆಯೂ ಬಂದಿತ್ತು. ಪಕ್ಕದಲ್ಲಿದ್ದವನೊಬ್ಬ ತಡೆಯಲಾರದೆ ಕೇಳಿದ: “ನಿಮ್ಮ ಹುಡುಗನ್ನೂ ಬಿಡ್ರೆಲಾ ಒಳಗ?”

ಕಾಕಾ ಅಖಾಡದಿಂದ ಕಣ್ಣು ಕೀಳದೆ ಹೇಳಿದ: “ಅವಂಗ ನೆಗಡಿ ಆಗೈತಿ.”

ಆ ನೆಗಡಿ ಹುಡುಗನ ಮದುವೆಯಾಗುವ ತನಕ ಪ್ರತಿ ದೀಪಾವಳಿಗೂ ತಪ್ಪದೆ ಬಂತು. ಮಗನ ಕಾಲರು ಹಿಡಿದದ್ದಕ್ಕೆ ನಾನು ಕಾಕಾನನ್ನು ಹೇಡಿ ಅನ್ನಲಾರೆ. ಬೇರೆಯವರ ಮಕ್ಕಳಿಗೆ ಆ ನೆಗಡಿ ಹಂಚಲಿಲ್ಲವಲ್ಲ, ಅದಕ್ಕೆ ಮಾತ್ರ ನನ್ನ ತಕರಾರು ಇನ್ನೂ ಇದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಓಟಗಳನ್ನು ನಿಷೇಧಿಸಿದಾಗ ಕಾಕಾ ಎರಡು ದಿನ ಮಾತು ಬಿಟ್ಟ. ಚಿಗವ್ವ ಹೋಳಿಗೆ ಮಾಡಿದಳು. 2023ರ ಮೇನಲ್ಲಿ ಅದೇ ಕೋರ್ಟು ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿ ಕಾಯ್ದೆಗಳನ್ನು ಎತ್ತಿಹಿಡಿದಾಗ ಕಾಕಾನೇ ಪೇಟೆಯಿಂದ ಪೇಢೆ ತಂದ. ಚಿಗವ್ವ ಮುಟ್ಟಲಿಲ್ಲ.

ಇನ್ನು ತಿಜೋರಿ. ಪಕ್ಕದ ಊರಿನ ಹೋರಿಯೊಂದಕ್ಕೆ ಮೊದಲ ಬಹುಮಾನವಾಗಿ ಒಂದು ಕಬ್ಬಿಣದ ತಿಜೋರಿ ಬಂತು. ಅದರ ಮಾಲೀಕನ ಮನೆಯಲ್ಲಿ ಹಿಂದಿನ ವರ್ಷಗಳ ತಿಜೋರಿಗಳು ಇಡಲು ಜಾಗವಿಲ್ಲದಷ್ಟು ತುಂಬಿದ್ದವು. ಕಾಕಾ ಅರ್ಧ ಬೆಲೆಗೆ ಕೊಂಡು ತಂದ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಅಂಗೈ ಅಗಲದ ಅಕ್ಷರ: ಪ್ರಥಮ ಬಹುಮಾನ. “ಬಣ್ಣಾ ಹೊಡಸೂಣ್ರೀ,” ಅಂತ ಚಿಗವ್ವ ಅಂದದ್ದಕ್ಕೆ, “ಹುಚ್ಚಿ ಏನ? ಅದಕ್ಕ ಅಲ್ಲೇನ ರೊಕ್ಕಾ ಕೊಟ್ಟಿದ್ದು?” ಅಂದ.

ಮಗಳನ್ನು ನೋಡಲು ಬಂದ ಬೀಗರನ್ನು ಬೇಕಂತಲೇ ಅದರ ಎದುರಿಗೆ ಕೂಡಿಸಿದ. ಅವರು ಓದಿದರು, ಮತ್ತೊಮ್ಮೆ ಓದಿದರು. “ಯಾರಿಗ್ರೀ ಬಂದಿದ್ದು?”

“ಮನಿಗೆ ಬಂದೈತ್ರೀ,” ಅಂದ ಕಾಕಾ. ಸುಳ್ಳಂತೂ ಅಲ್ಲ. ಆಮೇಲೆ ವರನ ಕಡೆ ತಿರುಗಿದ. ಸಂಬಳ ಕೇಳಲಿಲ್ಲ, ಹೊಲ ಕೇಳಲಿಲ್ಲ. “ಏನ್ ಆಡ್ತೀರಿ ತಮ್ಮಾ?”

“ಕೇರಂ ಆಡ್ತೀನ್ರೀ.”

ಕಾಕಾನ ಮುಖ ಇಳಿದುಹೋಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಗವ್ವ ಜೀವಮಾನದಲ್ಲಿ ಒಮ್ಮೆ ಆಟದ ವಿಷಯದಲ್ಲಿ ಬಾಯಿ ಹಾಕಿದಳು: “ಕೇರಂ ಆಡಾವ್ರು ಮನ್ಯಾಗ ಇರ್ತಾರ. ಒಪ್ಗೋರಿ ಸುಮ್ನ.” ಮದುವೆ ನಿಶ್ಚಯವಾಯಿತು.

ಕಾಕಾ ಹೋದ ಮೇಲೆ ಹೊಲ, ಮನೆ, ಟ್ರ್ಯಾಕ್ಟರು ಎಲ್ಲ ಒಂದೇ ದಿನದಲ್ಲಿ ತಕರಾರಿಲ್ಲದೆ ಹಂಚಿಕೆಯಾದವು. ತಿಜೋರಿ ಮಾತ್ರ ಆಗಲಿಲ್ಲ. ಅದು ಹಿರಿಯನಿಗೂ ಬೇಕು, ಕಿರಿಯನಿಗೂ ಬೇಕು, ಮಗಳಿಗೂ ಬೇಕು. ಮಾತು ಬೆಳೆಯಿತು. ಚಿಗವ್ವ ಸೊಂಟದಿಂದ ಬೀಗದ ಕೈ ತೆಗೆದು ಮುಂದೆ ಹಿಡಿದಳು.

“ಬಹುಮಾನ ಗೆದ್ದವ್ರಿಗೆ. ಇಲ್ಲಿಂದ ಸ್ಟೇಷನ್‌ತನಕ ಓಡ್ರಿ. ಮೊದಲ ಮುಟ್ಟಿದವ್ರು ಒಯ್ರಿ.”

ಹಿರಿಯ ತನ್ನ ಶುಗರ್ ಗುಳಿಗೆ ಹುಡುಕತೊಡಗಿದ. ಕಿರಿಯ ಮೂಗು ಒರೆಸಿಕೊಂಡು, “ಅವ್ವಾ, ನನಗ ನೆಗಡಿ ಆಗೈತಿ,” ಅಂದ. ಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಆಗಲೇ ಅಂಗಳ ದಾಟಿದ್ದಳು. ಕೇರಂ ಅಳಿಯ ಚಪ್ಪಲಿ ಸಹ ಮೆಟ್ಟದೆ ಸ್ಕೂಟರ್ ಚಾಲೂ ಮಾಡಿ, ಮೊಬೈಲಿನಲ್ಲಿ ಟೈಮ್ ಹಚ್ಚಿ, ಅವಳ ಬೆನ್ನು ಹತ್ತಿದ.