ಕಲ್ಲು ಉಳಿತಾಯ

ನೈರೋಬಿಯ ಕೆನ್ಯಾಟಾ ಅವೆನ್ಯೂದಲ್ಲಿ ಕಂಚಿನ ಮೂವರು ನಿಂತಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರಿಗಾಗಿ ಸತ್ತ ಆಫ್ರಿಕನ್ ಸಿಪಾಯಿಗಳಿಗೂ ಹೊರೆಯಾಳುಗಳಿಗೂ 1920ರ ದಶಕದಲ್ಲಿ ನಿಲ್ಲಿಸಿದ ಸ್ಮಾರಕ. ಅಡಿಬರಹ ರಡ್ಯಾರ್ಡ್ ಕಿಪ್ಲಿಂಗ್ ಸಾಹೇಬರದು. ದೇಶಕ್ಕಾಗಿ ಸತ್ತವರ ಹೆಸರನ್ನು ಅವರ ಮಕ್ಕಳು ನೆನೆಯುತ್ತಾರೆಂದು ಭರವಸೆ ಕೊಟ್ಟಿದ್ದಾರೆ. ನೆನೆಯುವ ಕೆಲಸ ಮಕ್ಕಳ ತಲೆಗೆ ಬಿದ್ದಮೇಲೆ ಕೆತ್ತುವ ಖರ್ಚು ಸರ್ಕಾರಕ್ಕೇಕೆ? ಸತ್ತವರ ಹೆಸರು ಅಲ್ಲಿ ಒಂದೂ ಇಲ್ಲ.

ಆ ಯುದ್ಧದ ಪೂರ್ವ ಆಫ್ರಿಕದ ರಣರಂಗದಲ್ಲಿ ಕುದುರೆ, ಹೇಸರಗತ್ತೆಗಳು ತ್ಸೆತ್ಸೆ ನೊಣಕ್ಕೆ ಬಲಿಯಾಗುತ್ತಿದ್ದವು. ಹಾಗಾಗಿ ಮೂಟೆಗಳನ್ನು ಮನುಷ್ಯರಿಗೆ ಹೊರಿಸಿದರು. ಸರ್ಕಾರಿ ಲೆಕ್ಕದಲ್ಲೇ ಸುಮಾರು 95,000 ಹೊರೆಯಾಳುಗಳು ಸತ್ತರು. ಗುಂಡಿಗಿಂತ ಹೆಚ್ಚಾಗಿ ಹಸಿವು, ಜ್ವರ, ಆಮಶಂಕೆಗೆ.

1917ರಲ್ಲಿ ಹುಟ್ಟಿದ ಸಾಮ್ರಾಜ್ಯದ ಯುದ್ಧ ಸಮಾಧಿ ಆಯೋಗದ ತತ್ವವೇನೋ ಘನವಾದದ್ದು: ಸತ್ತಮೇಲೆ ಸೇನಾಪತಿಯೂ ಒಂದೇ, ಸಿಪಾಯಿಯೂ ಒಂದೇ. ಪಾಪ, ಆ ತತ್ವಕ್ಕೆ ಸಮುದ್ರಯಾನ ಒಗ್ಗಲಿಲ್ಲ. ತಮ್ಮ ವಸಾಹತಿನ ಸಾಮಾನ್ಯ ನೇಟಿವನಿಗೆ ಸಮಾಧಿಕಲ್ಲು ಅರ್ಥವೂ ಆಗದು, ಅದರ ಬೆಲೆಯೂ ತಿಳಿಯದು ಎಂದು 1923ರಲ್ಲಿ ಗೋಲ್ಡ್ ಕೋಸ್ಟ್ ಗವರ್ನರ್ ಗುಗ್ಗಿಸ್‌ಬರ್ಗ್ ಅಪ್ಪಣೆ ಕೊಡಿಸಿದರು. ಬಂದೂಕು ಅರ್ಥವಾಗುತ್ತಿತ್ತು, ಕವಾಯತು ಅರ್ಥವಾಗುತ್ತಿತ್ತು, ಬೇರೆಯವರ ಚಕ್ರವರ್ತಿಗಾಗಿ ಸಾಯುವುದೂ ಅರ್ಥವಾಗಿತ್ತು. ಸ್ವಂತ ಹೆಸರೊಂದೇ ಕಬ್ಬಿಣದ ಕಡಲೆ!

ಅಂದಹಾಗೆ, ಕಿಪ್ಲಿಂಗ್ ಅದೇ ಆಯೋಗದ ಸಾಹಿತ್ಯ ಸಲಹೆಗಾರರು. ಅವರ ಮಗ ಜಾನ್ 1915ರಲ್ಲಿ ಫ್ರಾನ್ಸಿನ ಲೂಸ್ ಕದನದಲ್ಲಿ ಕಾಣೆಯಾದ. ದೇಹ ಸಿಗದಿದ್ದರೂ ಹೆಸರನ್ನು ಅಲ್ಲಿಯ ಸ್ಮಾರಕದ ಗೋಡೆಯಲ್ಲಿ ಕೆತ್ತಿದರು. ಕೆತ್ತಲೇಬೇಕು, ಹೆತ್ತವರ ಹೊಟ್ಟೆಯ ಸಂಕಟ ಅದು. ಹೊರೆಯಾಳಿನ ಅಪ್ಪನಿಗೂ ಹೊಟ್ಟೆಯೊಂದು ಇದ್ದಿರಬಹುದೆಂದು ಯಾವ ಕಡತಕ್ಕೂ ಹೊಳೆಯಲಿಲ್ಲ.

2021ರಲ್ಲಿ ಆಯೋಗವೇ ತನ್ನ ಲೆಕ್ಕ ತೆಗೆಯಿತು. ಹೆಸರಿಟ್ಟು ಸ್ಮರಿಸದ, ಅಥವಾ ಸ್ಮರಿಸಲೇ ಇಲ್ಲದ ಆಫ್ರಿಕ, ಮಧ್ಯಪ್ರಾಚ್ಯದವರು ಕನಿಷ್ಠ 1,16,000; ಹೆಚ್ಚೆಂದರೆ 3,50,000. ನಡುವಿನ ಅಂತರವೇ 2,34,000! ದಿನಸಿ ಅಂಗಡಿಯ ಲೆಕ್ಕದಲ್ಲಿ ಇದರ ನೂರರಲ್ಲೊಂದು ಪಾಲು ಏರುಪೇರಾದರೆ ಗುಮಾಸ್ತನನ್ನು ಮನೆಗೆ ಕಳಿಸುತ್ತಾರೆ. ಇಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಎದ್ದು ಕ್ಷಮೆ ಕೇಳಿ ಕುಳಿತರು.

2025ರ ಜನವರಿಯಲ್ಲಿ ಕೇಪ್‌ಟೌನಿನಲ್ಲಿ ರಾಜಕುಮಾರಿ ಆನ್ ಹೊಸ ಸ್ಮಾರಕವೊಂದನ್ನು ಅನಾವರಣ ಮಾಡಿದರು. ಕೈಗೆ ಬಂದೂಕು ಕೊಡದೆ ದುಡಿಸಿಕೊಂಡ 1,700ಕ್ಕೂ ಹೆಚ್ಚು ಕಪ್ಪು ದಕ್ಷಿಣ ಆಫ್ರಿಕನ್ನರಿಗೆ ತಲೆಗೊಂದು ಮರದ ಕಂಬ, ಕಂಬಕ್ಕೊಂದು ಹೆಸರು. ಸತ್ತು ನೂರು ವರ್ಷ ದಾಟಿತ್ತು. ಸಮಾರಂಭಕ್ಕೆ ಬಂದ ಅವರ ವಂಶದವರು ಕಂಬ ಅರ್ಥವಾಗಲಿಲ್ಲವೆಂದು ದೂರು ಕೊಟ್ಟ ವರದಿಯಿಲ್ಲ.