ಭಟ್ಟರ ತೂಕವೂ ಎರಡು ಸಿಲಿಂಡರೂ

ಮದುವೆ ಕರೆಯೋಲೆಯ ಹಿಂಬದಿ ಖಾಲಿ ಬಿಟ್ಟಿರುವುದು ಲೆಕ್ಕ ಬರೆಯುವುದಕ್ಕೇ ಎಂದು ನಂಬಿರುವ ಕೊನೆಯ ತಲೆಮಾರು ನಮ್ಮದು. ಈ ವರ್ಷ ಬಂದ ಕರೆಯೋಲೆಗಳಷ್ಟನ್ನೂ ನಾನು ಒಂದೇ ಪ್ರಶ್ನೆಗೆ ಖರ್ಚು ಮಾಡಿದೆ: ತೋಟಕ್ಕೊಂದು ಸಣ್ಣ ಲಗೇಜ್ ಗಾಡಿ ಬೇಕು, ಡೀಸೆಲ್ಲೋ ಪೆಟ್ರೋಲೋ? ಗಾಡಿ ಬೇಕೇ ಎಂಬ ಪ್ರಶ್ನೆಯನ್ನು ನನ್ನ ಹೆಂಡತಿ ಎತ್ತಿದ್ದಳು. ಅದಕ್ಕೆ ಕಾಗದ ವ್ಯರ್ಥ ಮಾಡಲಿಲ್ಲ.

ಲೆಕ್ಕ ಸರಳ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91 ಎಂದು ಹಿಡಿದೆ. ಪೆಟ್ರೋಲ್ ಗಾಡಿ 15 ಕಿಲೋಮೀಟರ್ ಕೊಟ್ಟರೆ ಡೀಸೆಲ್ 20 ಕೊಡುತ್ತದೆ ಎಂದುಕೊಂಡೆ. ಅಂದರೆ ಡೀಸೆಲ್ಲಿಗೆ ಹೋದರೆ ಕಿಲೋಮೀಟರಿಗೆ 2 ರೂಪಾಯಿ 32 ಪೈಸೆ ಲಾಭ. ಆದರೆ ಡೀಸೆಲ್ ಗಾಡಿಗೆ ಮೊದಲೇ ಒಂದು ಲಕ್ಷ ಹೆಚ್ಚು ಸುರಿಯಬೇಕು. ಆ ಲಕ್ಷ ವಾಪಸ್ ಬರುವುದು 43,000 ಕಿಲೋಮೀಟರ್ ಓಡಿದ ಮೇಲೆ. ನಮ್ಮ ತೋಟ, ಸಾಗರದ ಪೇಟೆ, ಆಗೊಮ್ಮೆ ಈಗೊಮ್ಮೆ ಶಿವಮೊಗ್ಗ ಎಲ್ಲ ಸೇರಿ ವರ್ಷಕ್ಕೆ 3,000 ದಾಟುವುದಿಲ್ಲ. ನನಗೀಗ 58. ಹಾಗಾಗಿ ನನ್ನ ಎಪ್ಪತ್ತೆರಡನೇ ವಯಸ್ಸಿನಲ್ಲಿ, ಒಂದು ಮಳೆಗಾಲದ ಬೆಳಿಗ್ಗೆ, ಡೀಸೆಲ್ ಇಂಜಿನ್ ಲಾಭಕ್ಕೆ ತಿರುಗುತ್ತದೆ.

ಇಂಥ ಫಲಿತಾಂಶ ಬಂದಾಗ ಬುದ್ಧಿವಂತರು ಪೆಟ್ರೋಲ್ ಕೊಳ್ಳುತ್ತಾರೆ. ನಾನು ಓಡಾಟ ಹೆಚ್ಚಿಸುವ ದಾರಿ ಹುಡುಕಿದೆ. ಕೊತ್ತಂಬರಿ ಸೊಪ್ಪನ್ನು ದಿನಾ ಸಾಗರದಿಂದಲೇ ತಂದರೆ? ತಂಗಿಯ ಮನೆಗೆ ಸಿದ್ದಾಪುರಕ್ಕೆ ವಾರಕ್ಕೊಮ್ಮೆ ಹೋಗಿಬಂದರೆ? ಓಡಿಸಿದಷ್ಟೂ ಉಳಿತಾಯ! ಈ ಸಿದ್ಧಾಂತವನ್ನು ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಕೊಳ್ಳದೇ ಇದ್ರೆ ಕಿಲೋಮೀಟರಿಗೆ ಎಷ್ಟು ಉಳಿಯುತ್ತೆ?" ಎಂದಳು. ಗಣಿತದ ಚರ್ಚೆಗೆ ಭಾವನೆ ಬೆರೆಸಬಾರದು ಎಂದು ಎದ್ದುಬಂದೆ.

ನಿಜ ಹೇಳಬೇಕೆಂದರೆ ನನ್ನ ಮನಸ್ಸು ಡೀಸೆಲ್ಲಿಗೆ ಒಲಿದದ್ದು ಕಿವಿಯ ಮೂಲಕ. 2005ರಲ್ಲಿ ಟಾಟಾದವರು ಏಸ್ ಬಿಟ್ಟಾಗ, ಇಂಡಿಕಾ ಕಾರಿನ ನಾಲ್ಕು ಸಿಲಿಂಡರಿನ ಇಂಜಿನನ್ನು ಅರ್ಧ ಮಾಡಿದಂಥ ಎರಡು ಸಿಲಿಂಡರ್ ಅದರ ಸೀಟಿನಡಿ ಕೂತಿತ್ತು. 702 ಸಿಸಿ, ಬರೀ 16 ಕುದುರೆಶಕ್ತಿ. ಈಗಿನ ಹುಡುಗರ ಬೈಕುಗಳಿಗೆ ಅದಕ್ಕಿಂತ ಹೆಚ್ಚಿದೆ. ಆದರೂ ಅದು ಮುಕ್ಕಾಲು ಟನ್ ಹೊತ್ತುಕೊಂಡು ನಮ್ಮ ಕೇರಿಯ ಏರು ಹತ್ತುವಾಗ ಹೊರಡಿಸುವ ಸದ್ದಿಗೆ ನಾನು ಓದುತ್ತಿದ್ದ ಪೇಪರ್ ಮಡಚಿಟ್ಟು ಜಗಲಿಗೆ ಬರುತ್ತಿದ್ದೆ. ಪ್ಲಗ್ಗಿಲ್ಲ, ಕಿಡಿಯಿಲ್ಲ. ಪೆಟ್ರೋಲ್ ಇಂಜಿನ್ ಹತ್ತು ಪಟ್ಟಿನಷ್ಟು ಒತ್ತಿದರೆ ಇದು ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಮೀರಿ ಒತ್ತಿ ಕಾಯಿಸುತ್ತದೆ. ಅದರೊಳಗೆ ಚಿಮ್ಮಿಸಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದ್ದೊಂದು ಇಂಜಿನ್ ಶೇಂಗಾ ಎಣ್ಣೆಯಲ್ಲೇ ಓಡಿತ್ತು ಎಂದು ಊಟದ ಹೊತ್ತಿಗೆ ಹೇಳಿದೆ. ಮರುದಿನದಿಂದ ನಮ್ಮನೆ ಎಣ್ಣೆ ಡಬ್ಬ ಮೇಲಿನ ನಾಗಂದಿಗೆಗೆ ಹೋಯಿತು.

ನನ್ನ ಭಾವ ಪೆಟ್ರೋಲ್ ಪಕ್ಷ. ಆತ ಆಗಲೇ ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದಾನೆ. "ಸಣ್ಣ ಡೀಸೆಲ್ ಕಾಲ ಮುಗೀತು ಭಾವ" ಎನ್ನುತ್ತಾನೆ. ಮಾತಿನಲ್ಲಿ ಹುರುಳಿದೆ, ಅದೇ ಸಿಟ್ಟು. 2012ರಲ್ಲಿ ಪೆಟ್ರೋಲಿಗೂ ಡೀಸೆಲ್ಲಿಗೂ ಲೀಟರಿಗೆ ಮೂವತ್ತು ರೂಪಾಯಿಯಷ್ಟು ಅಂತರ ಇತ್ತು. ಪಂಪ್‌ಸೆಟ್ಟಿನವನಿಗೆ, ಲಾರಿಯವನಿಗೆ ಎಂದು ಸರ್ಕಾರ ಕೊಟ್ಟ ರಿಯಾಯಿತಿಯನ್ನು ದೊಡ್ಡ ದೊಡ್ಡ ಕಾರಿನವರು ಟ್ಯಾಂಕ್ ತುಂಬ ಕುಡಿದರು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ನಿಯಂತ್ರಣ ಹೋಯಿತು, ಅಂತರ ಕರಗಿತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂತು. ಹೊಗೆ ತೊಳೆಯುವ ಸಾಮಾನು ಸಣ್ಣ ಇಂಜಿನ್ನಿಗೆ ಇಂಜಿನ್ನಿಗಿಂತ ಭಾರವಾಯಿತು. ಮಾರುತಿಯವರು ಸೂಪರ್ ಕ್ಯಾರಿಗೆ ಇಟ್ಟಿದ್ದ 793 ಸಿಸಿಯ ಪುಟ್ಟ ಡೀಸೆಲ್ಲನ್ನು ಕೈಬಿಟ್ಟು ಪೆಟ್ರೋಲಿಗೆ, ಗ್ಯಾಸಿಗೆ ಹೋದರು. ಕೊಂಡವರು ಯಾರೋ, ದಂಡ ಕಟ್ಟಿದವರು ಯಾರೋ.

ಗ್ಯಾಸ್ ಅಂದೆನಲ್ಲ, ಸಿಎನ್‌ಜಿಯನ್ನೂ ತೂಗಿದೆ. ಇನ್ನೂರು ಬಾರ್ ಒತ್ತಡದ ಸಿಲಿಂಡರು, ಅದಕ್ಕೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ, ಬಂಕ್ ಹುಡುಕಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲುವುದು. ಅರ್ಧ ಕರೆಯೋಲೆಯಲ್ಲಿ ಮುಗಿಯಿತು.

ಉಳಿದದ್ದು ಏರು. ಮಲೆನಾಡಿನಲ್ಲಿ ತೋಟ ಕೆಳಗೆ, ಮನೆ ಮೇಲೆ. ಗೊನೆ ಮೇಲಕ್ಕೆ ಬರಬೇಕು, ಗೊಬ್ಬರ ಕೆಳಕ್ಕೆ ಹೋಗಬೇಕು. ಕಾಗದದ ಮೇಲೆ ಯಾವ ಇಂಜಿನ್ ಎಷ್ಟು ಎಳೆಯುತ್ತದೆ ಎನ್ನುವುದಕ್ಕಿಂತ ನಮ್ಮ ಏರಿನಲ್ಲಿ ಏನಾಗುತ್ತದೆ ಎನ್ನುವುದೇ ಮುಖ್ಯ. ನಮ್ಮನೆ ಸತ್ಯನಾರಾಯಣ ಕಥೆಯ ದಿನ ಭಾವ ತನ್ನ ಗಾಡಿಯಲ್ಲೇ ಬಂದಿದ್ದ. ಬಾಡಿಗೆ ಏಸ್ ಓಡಿಸುವ ಮಂಜಣ್ಣ ಪಾತ್ರೆ ತಂದವನು ಊಟಕ್ಕೆ ನಿಂತಿದ್ದ. ಇಂಥ ಯೋಗ ಮತ್ತೆ ಕೂಡಿಬರುವುದಿಲ್ಲ ಎಂದು ನಾನೇ ಸ್ಪರ್ಧೆ ಘೋಷಿಸಿದೆ.

ಎರಡು ಗಾಡಿಗೂ ಒಂದೇ ಲೋಡು ಬೇಕು, ಇಲ್ಲದಿದ್ದರೆ ನ್ಯಾಯವಲ್ಲ. ಅಡಿಕೆ ಆಗಲೇ ಮಂಡಿ ಸೇರಿತ್ತು. ಗೊಬ್ಬರ ತುಂಬಿಸಲು ಮಡಿಯುಟ್ಟವರು ಒಪ್ಪಲಿಲ್ಲ. ಆಗ ಜಗಲಿಯ ಮೇಲೆ ಸಾಲಾಗಿ ಕೂತಿದ್ದ ನೆಂಟರು ನನ್ನ ಕಣ್ಣಿಗೆ ಬಿದ್ದರು. ತಲೆಗೆ 65 ಕೆಜಿ ಹಿಡಿದರೂ ಹನ್ನೊಂದು ಜನಕ್ಕೆ 715 ಆಯಿತು. ಲಗೇಜ್ ಗಾಡಿಯಲ್ಲಿ ಜನರನ್ನು ಕೂರಿಸುವುದು ಅಪರಾಧ ಎಂದು ನಿವೃತ್ತ ಮೇಷ್ಟ್ರು ಗದರಿದರು. ಇದು ನಮ್ಮ ತೋಟದ ದಾರಿ, ನೀವು ಜನವಲ್ಲ, ತೂಕ ಎಂದು ಸಮಾಧಾನ ಮಾಡಿ ಮೇಷ್ಟ್ರನ್ನೂ ಹತ್ತಿಸಿದೆ. ಅಂದಾಜು ಬೇಡವೆಂದು ಎಲ್ಲರನ್ನೂ ಅಡಿಕೆ ತೂಗುವ ಕಾಟಾದ ಮೇಲೆ ನಿಲ್ಲಿಸಿದೆ. ಪೂಜೆ ಮುಗಿಸಿ ಬಂದ ಭಟ್ಟರೂ ಶಲ್ಯ ತೆಗೆದು ನಿಂತರು. ಶಲ್ಯದ ತೂಕ ತಮ್ಮ ಲೆಕ್ಕಕ್ಕೆ ಬರಬಾರದಂತೆ.

ಮೊದಲು ಡೀಸೆಲ್. ಮಂಜಣ್ಣ ಫಸ್ಟ್ ಗೇರಿಗೆ ಹಾಕಿ ಕ್ಲಚ್ ಬಿಟ್ಟ. ಗಾಡಿ ನಡುಗಿತು, ನೆಂಟರು ನಡುಗಿದರು, ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಬಂತು. ಪಲ್ಲಕ್ಕಿ ಉತ್ಸವದ ವೇಗದಲ್ಲಿ, ಆದರೆ ಎಲ್ಲೂ ನಿಲ್ಲದೆ, ಅಂಗಳಕ್ಕೆ ಬಂದು ಸೇರಿತು. ನಾನು ಚಪ್ಪಾಳೆ ಹೊಡೆದೆ. ಅಷ್ಟರಲ್ಲಿ ಒಳಗಿನಿಂದ ಬಾಳೆ ಹಾಕಿದ್ದಾಗಿದೆ ಎಂದು ಕೂಗು ಬಂತು.

ಊಟಕ್ಕೆ ಹೋಳಿಗೆ ಇತ್ತು. ಭಾವನ ವಾದ ಹುಟ್ಟಿದ್ದು ಅಲ್ಲೇ. ಪಂಕ್ತಿಯಿಂದ ಎದ್ದವನೇ, "ಇದು ಅದೇ ಲೋಡಲ್ಲ ಭಾವ! ಡೀಸೆಲ್ ಎಳೆದದ್ದು ಖಾಲಿ ಹೊಟ್ಟೆ, ನಾನು ಎಳೆಯಬೇಕಾದ್ದು ಹೋಳಿಗೆ ತುಪ್ಪ. ಮತ್ತೆ ತೂಗಲೇಬೇಕು" ಎಂದ. ಶಾಸ್ತ್ರೀಯವಾಗಿ ಅವನು ಹೇಳಿದ್ದು ಸರಿ. ಮೇಷ್ಟ್ರು ತೂಗಿಸಿಕೊಂಡು ಒಂದು ಕೆಜಿ ಏರಿದ್ದನ್ನು ನೋಡಿ ಕಾಟಾ ಸರಿಯಿಲ್ಲ ಎಂದರು. ಭಟ್ಟರು ಮಾತ್ರ ಒಪ್ಪಲಿಲ್ಲ. ಉಂಡ ಬ್ರಾಹ್ಮಣನನ್ನು ತೂಗುವ ವಿಧಿ ಯಾವ ಶಾಸ್ತ್ರದಲ್ಲೂ ಇಲ್ಲ, ಸಂಕಲ್ಪ ಮಾಡಿದ್ದು ಊಟಕ್ಕೆ ಹೊರತು ತುಲಾಭಾರಕ್ಕಲ್ಲ ಎಂದು ಕಂಬಕ್ಕೆ ಒರಗಿ ಕೂತರು. ಕೊನೆಗೆ ಬಡಿಸಿದವರನ್ನು ಕರೆದು ಅವರು ಉಂಡ ಹೋಳಿಗೆಯ ಸಂಖ್ಯೆ ಕೇಳಿ ಗುಣಿಸುವುದೆಂದಾಯಿತು. ಬಡಿಸಿದ್ದು ನನ್ನ ಹೆಂಡತಿ. ಅವಳು ಸಂಖ್ಯೆಯನ್ನು ಹೇಳಲಿಲ್ಲ, ನಮ್ಮಿಬ್ಬರ ಬಗ್ಗೆ ಬೇರೆ ಕೆಲವು ಮಾತು ಹೇಳಿದಳು.

ತೂಗದೆಯೇ ಭಾವ ಗಾಡಿ ಹೊರಡಿಸಿದ. ಇಂಜಿನ್ ಕಿರುಚಿತು, ಶಕ್ತಿಗೇನೂ ಕೊರತೆಯಿರಲಿಲ್ಲ. ಆದರೆ ತಿರುವಿನ ಪಾಚಿಯಲ್ಲಿ ಹಿಂದಿನ ಚಕ್ರ ಗಿರ್ರನೆ ತಿರುಗಿ ಕೆಂಪುಮಣ್ಣು ಹಾರಿತು. ಭಾರ ಇಳಿಸೋಣವೆಂದು ನೆಂಟರು ಧುಮುಕಿದರು. ಚಕ್ರದ ಮೇಲಿನ ಒತ್ತು ಹೋಗಿ ಅದು ಇನ್ನೂ ಜೋರಾಗಿ ತಿರುಗಿತು. "ಹತ್ರೀ, ಎಲ್ಲ ಹತ್ರೀ! ಭಟ್ರು ಹಿಂದಿನ ಡೋರಿಗೆ ಒತ್ತಿಕೊಂಡು ಕೂರ್ಲಿ!" ಎಂದು ಮಂಜಣ್ಣ ಕೂಗಿದ. ಭಟ್ಟರು ಕೂತರು. ಹಿಡಿತ ಸಿಕ್ಕಿ ಗಾಡಿ ಒಂದೇ ಉಸಿರಿಗೆ ಮೇಲೆ ಬಂತು. ಗೆದ್ದದ್ದು ಪೆಟ್ರೋಲೋ ಹೋಳಿಗೆಯೋ ಎಂಬ ವಾದ ಸಂಜೆ ಕಾಫಿಯವರೆಗೂ ನಡೆಯಿತು.

ತೀರ್ಪು ಹೇಳಪ್ಪ ಎಂದು ಮಂಜಣ್ಣನನ್ನು ಕೇಳಿದೆ. "ನಂಗೆ ಡೀಸೆಲ್ ಪೆಟ್ರೋಲ್ ಅಲ್ಲ ಹೆಗಡೇರೆ. ಬರುವಾಗ ಲೋಡ್ ಸಿಕ್ತಾ ಇಲ್ವಾ, ಅಷ್ಟೇ ಲೆಕ್ಕ. ಖಾಲಿ ವಾಪಸ್ ಬಂದ್ರೆ ಎರಡೂ ಒಂದೇ." ಎಲೆಚುಕ್ಕೆ ರೋಗ ಬಂದ ಮೇಲೆ ಮೇಲಿನ ಕೇರಿಯ ತೋಟಗಳಲ್ಲಿ ಗೊನೆಯೇ ಕಡಿಮೆ, ಬಾಡಿಗೆಯೂ ಕಡಿಮೆ ಎಂದ. ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬರುತ್ತದೆ. ಆಮೇಲೆ ಯಾರ ಮುಖವನ್ನೂ ನೋಡದೆ ಎಣಿಸಿದ: "ಭಾವನೋರು ಒಂದು ತಗಂಡ್ರು. ಮೇಲಿನ ಮನೆಯೋರು ಒಂದು ತಗಂಡ್ರು." ಮೂರನೆಯದನ್ನು ಎಣಿಸದೆ ಲೋಟ ತೊಳೆಯಲು ಹೋದ. ಭಾವ ಎಲೆಯಡಿಕೆ ತಟ್ಟೆಯಲ್ಲಿ ಸುಣ್ಣ ಹುಡುಕತೊಡಗಿದ.

ಆ ರಾತ್ರಿ ಹೊಸ ಕರೆಯೋಲೆ ತೆಗೆದು ಕಂತು, ವಿಮೆ, ಎಫ್‌ಸಿ, ಬಾಡಿಗೆ ಎಲ್ಲ ಬರೆದು ಕೂಡಿಸಿದೆ. ವರ್ಷಕ್ಕೆ 3,000 ಕಿಲೋಮೀಟರಿನವನಿಗೆ ಮಂಜಣ್ಣನ ಹಳೇ ಡೀಸೆಲ್ಲೇ ಎಲ್ಲಕ್ಕಿಂತ ಅಗ್ಗ. ಇದು ಹೆಂಡತಿಗೆ ಗೊತ್ತಾಗಬಾರದೆಂದು ಕಾರ್ಡನ್ನು ಪಂಚಾಂಗದೊಳಗೆ ಇಟ್ಟೆ. ಅವಳು ಬೆಳಿಗ್ಗೆ ಏಕಾದಶಿ ನೋಡಲು ಮೊದಲು ತೆಗೆದದ್ದೇ ಪಂಚಾಂಗ.

ಮುಂದಿನ ಕೊಯ್ಲಿಗೆ ಮಂಜಣ್ಣನ ಜೊತೆ ಮಾತಾಯಿತು. ಒಂದೇ ಷರತ್ತು ಹಾಕಿದೆ: ಏರಿನಲ್ಲಿ ಸ್ಟೇರಿಂಗ್ ನನ್ನ ಕೈಗೆ ಕೊಡಬೇಕು. ನನ್ನ ಕಾರಿನ ಲೈಸೆನ್ಸ್ ಸಾಕು, 7,500 ಕೆಜಿ ಮೀರದ ಸಾರಿಗೆ ಗಾಡಿಯನ್ನು ಎಲ್‌ಎಂವಿ ಲೈಸೆನ್ಸಿನವರು ಓಡಿಸಬಹುದೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ ಎಂದೆ. ಮಂಜಣ್ಣ ಬೀಡಿ ಆರಿಸಿ ಗೌರವದಿಂದಲೇ ಉತ್ತರ ಕೊಟ್ಟ.

"ಕೋರ್ಟ್ ಹೇಳಿದ್ರೆ ಸರಿನೇ ಹೆಗಡೇರೆ. ಆದ್ರೆ ಏರು ನಾನು ಹತ್ತಿಸ್ತೀನಿ. ನೀವು ಹಿಂದೆ ಭಟ್ರ ಜಾಗದಲ್ಲಿ ಕೂತ್ಕಳಿ."